ಮಾಫಿಯಾ ಕಡತದಲ್ಲಿ ಸಿಕ್ಕ ಅಳತೆಗೋಲು

ಸರ್ಕಾರ ನೂರು ರೂಪಾಯಿ ಖರ್ಚು ಮಾಡಿದರೆ ನಾಡಿನ ಉತ್ಪನ್ನ ಎಷ್ಟು ಏರುತ್ತದೆ? ಐವತ್ತೋ, ನೂರೋ, ಇನ್ನೂರೋ? ಕಾಮಗಾರಿಯ ಒಂದು ಕೆಲಸ ಇನ್ನಷ್ಟು ಕೆಲಸ ಹುಟ್ಟಿಸುತ್ತದೆ ಎಂದು ಕೇಂಬ್ರಿಜ್‌ನ ರಿಚರ್ಡ್ ಕಾನ್ 1931ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಆದರೆ ಅಳೆಯುವುದು ಹೇಗೆ? ವ್ಯಾಪಾರ ಸೊರಗಿದಾಗಲೇ ಸರ್ಕಾರ ಕೈಬಿಚ್ಚುತ್ತದೆ. ಹಣ ಹರಿದ ಊರು ಬಡವಾಗಿ ಕಂಡರೆ ಅದು ಹಣದ ದೋಷವೋ, ಮೊದಲೇ ಇದ್ದ ಕಾಯಿಲೆಯೋ? ಪರೀಕ್ಷೆಗೆಂದು ಯಾವ ಊರಿನ ಅನುದಾನವನ್ನೂ ಕತ್ತರಿಸುವಂತಿಲ್ಲ.

ಇಟಲಿಯಲ್ಲಿ ಅದು ತಾನಾಗಿ ಆಗಿಹೋಗಿತ್ತು!

1991ರಲ್ಲಿ ಅಲ್ಲೊಂದು ಕಾನೂನು ಬಂತು. ನಗರಸಭೆಯೊಳಗೆ ಮಾಫಿಯಾ ನುಸುಳಿದೆ ಎಂದು ಕಂಡರೆ ಇಡೀ ಸಭೆ ವಜಾ. ರೋಮ್‌ನ ಸರ್ಕಾರ ಕಳಿಸಿದ ಮೂವರು ಆಡಳಿತಾಧಿಕಾರಿಗಳು ಬಂದು ಕೂರುತ್ತಾರೆ. ಆ ಗಳಿಗೆಯನ್ನು ಕಲ್ಪಿಸಿಕೊಳ್ಳಿ: ಬೀಗ ತೆಗೆದ ಕಪಾಟು, ಮೇಜಿನ ಮೇಲೆ ಗುತ್ತಿಗೆಯ ಕಡತಗಳ ರಾಶಿ, ಒಂದೊಂದು ಸಹಿಯ ಮೇಲೂ ಅನುಮಾನದ ಕಣ್ಣು. ಹೊಸ ಕಾಮಗಾರಿಯ ಹಣ ಥಟ್ಟನೆ ಇಳಿಯುತ್ತದೆ. ಊರಿನ ವ್ಯಾಪಾರ ಕೆಟ್ಟಿತೆಂದು ಇಳಿದದ್ದಲ್ಲ, ಪೊಲೀಸರಿಗೆ ಸುಳಿವು ಸಿಕ್ಕಿತೆಂದು ಇಳಿದದ್ದು! ಯಾರೂ ಮೊದಲೇ ಊಹಿಸಿರಲಿಲ್ಲ. ಅಲ್ಲಿಯ ಜನರ ತೆರಿಗೆಯ ಹೊರೆಯೂ ಇದರಿಂದ ಬದಲಾಗಲಿಲ್ಲ.

ಅಕೊನ್ಚಿಯ, ಕೊರ್ಸೆಟ್ಟಿ, ಸಿಮೊನೆಲ್ಲಿ ಎಂಬ ಮೂವರು ಅರ್ಥಶಾಸ್ತ್ರಜ್ಞರ ಕಣ್ಣಿಗೆ ಬಿದ್ದದ್ದು ಇದೇ. ಅಪರಾಧದ ಕಡತದಲ್ಲಿ ಅರ್ಥಶಾಸ್ತ್ರದ ಪ್ರಯೋಗಶಾಲೆಯನ್ನು ಕಂಡ ಆ ಕಣ್ಣಿಗೆ ನಾನು ಸೋತುಹೋದೆ. ಪ್ರಾಂತ್ಯ ಪ್ರಾಂತ್ಯದ ಲೆಕ್ಕ ಜೋಡಿಸಿ 2014ರಲ್ಲಿ ಅವರು ಪ್ರಕಟಿಸಿದ ಉತ್ತರ: 1.5. ಖರ್ಚು ನೂರು ಲಿರಾ ಇಳಿದರೆ ಪ್ರಾಂತ್ಯದ ಉತ್ಪನ್ನ ನೂರೈವತ್ತು ಲಿರಾ ಇಳಿಯುತ್ತದೆ. ಹಿಂದಿನ ವರ್ಷದ ಖರ್ಚಿನ ಪರಿಣಾಮವನ್ನೂ ಸೇರಿಸಿದರೆ 1.9!

ಇದು ಪ್ರಾಂತ್ಯದ ಮಟ್ಟದ ಅಳತೆ ಎಂಬುದನ್ನು ಮರೆಯಬಾರದು. ಇಡೀ ದೇಶವೇ ಖರ್ಚು ಇಳಿಸಿದರೆ ಬಡ್ಡಿ ದರ ಕದಲುತ್ತದೆ, ತೆರಿಗೆಯೂ ಕದಲುತ್ತದೆ. ಅಲ್ಲಿಯ ಲೆಕ್ಕವೇ ಬೇರೆ. ಆದರೂ ಆ ಹೆಚ್ಚುವರಿ ಐವತ್ತು ಲಿರಾ ನೋಡಿ! ಕಾಮಗಾರಿ ನಿಂತ ರಸ್ತೆಯ ಜಲ್ಲಿರಾಶಿಯಲ್ಲಿ ಅದು ಕಾಣುವುದಿಲ್ಲ. ಗಾರೆಯವನು ಆ ವಾರ ಕೊಳ್ಳದ ಚಪ್ಪಲಿಯಲ್ಲಿದೆ, ಚಪ್ಪಲಿ ಅಂಗಡಿಯವನು ಆ ಸಂಜೆ ಕುಡಿಯದೆ ಬಿಟ್ಟ ಕಾಫಿಯಲ್ಲಿದೆ.