ಪುಟ್ಟ ಕೈಗಳೂ ಸೇರಿ ಒತ್ತುವ ಹಲಸಿನ ಹಪ್ಪಳ

ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಶಾಲೆಗೆ ರಜೆ ಸಿಗುತ್ತದೆ. ಆ ದಿನಗಳಲ್ಲೇ ಕರಾವಳಿ ಮತ್ತು ಮಲೆನಾಡಿನ ತೋಟಗಳಲ್ಲಿ ಹಲಸಿನಕಾಯಿ ಬಲಿಯುತ್ತದೆ. ಮೂರು, ಆರು, ಒಂಬತ್ತು ವರ್ಷದ ಮಕ್ಕಳಿರುವ ಮನೆಯಲ್ಲಿ ತಾಯಿಗೆ ಎರಡೂ ಒಟ್ಟಿಗೇ ಬಂದೊದಗುವ ಕೆಲಸ. ಬೆಳಗಿನಿಂದ ರಾತ್ರಿವರೆಗೆ ಕಾಲಡಿಯಲ್ಲೇ ಸುಳಿಯುವ ಮಕ್ಕಳನ್ನು ನೋಡಿಕೊಳ್ಳಬೇಕು. ಜೂನ್ ಮೊದಲ ವಾರ ಮಳೆ ಹಿಡಿಯುವುದರೊಳಗೆ ವರ್ಷಕ್ಕಾಗುವಷ್ಟು ಹಪ್ಪಳವನ್ನೂ ಒಣಗಿಸಿಡಬೇಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ದಕ್ಷಿಣ ಕನ್ನಡದಂಥ ಜಿಲ್ಲೆಗಳಲ್ಲಿ ಆಷಾಢದ ಊಟಕ್ಕೆ ಆಸರೆ ಈ ಹಪ್ಪಳದ ಡಬ್ಬಿಯೇ. ಈ ಎರಡು ಹೊಣೆಗಳನ್ನೂ ಒಂದೇ ಚಾಪೆಯ ಮೇಲೆ ನಿಭಾಯಿಸುವುದನ್ನು ಇಲ್ಲಿನ ಹೆಂಗಸರು ತಲೆಮಾರುಗಳಿಂದ ಕಲಿತಿದ್ದಾರೆ.

ಕೆಲಸ ಶುರುವಾಗುವುದು ಹಿಂದಿನ ದಿನವೇ, ಕಾಯಿಯ ಆಯ್ಕೆಯಿಂದ. ಹಪ್ಪಳಕ್ಕೆ ಬೇಕಾದದ್ದು ಪೂರ್ತಿ ಬಲಿತ, ಆದರೆ ಹಣ್ಣಾಗಲು ಇನ್ನೂ ತೊಡಗದ ಕಾಯಿ. ಎಳೆಯದಾದರೆ ಸೊಳೆಯಲ್ಲಿ ಹಿಟ್ಟಿನಂಶ ಸಾಲದು. ಒಂದೆರಡು ದಿನ ತಡವಾದರೆ ಆ ಹಿಟ್ಟು ಸಕ್ಕರೆಯಾಗಿ ತಿರುಗಲು ತೊಡಗುತ್ತದೆ. ಅಂಥ ಹಪ್ಪಳ ಎಣ್ಣೆಗೆ ಬಿದ್ದೊಡನೆ ಕಪ್ಪಾಗುತ್ತದೆ, ಗರಿಗರಿಯಾಗುವುದಿಲ್ಲ. ಕಾಯಿಯನ್ನು ತಟ್ಟಿದಾಗ ಬರುವ ಸದ್ದು, ಮುಳ್ಳುಗಳ ನಡುವಿನ ಅಂತರ, ಸಿಪ್ಪೆಯ ಬಣ್ಣ ನೋಡಿ ಬಲಿತಿದೆಯೇ ಎಂದು ತೀರ್ಮಾನಿಸುತ್ತಾರೆ. ಯಾವ ಮರದ ಕಾಯಿ ಹಪ್ಪಳಕ್ಕೆ ಒದಗುತ್ತದೆ ಎಂಬುದು ಆಯಾ ಮನೆಯವರಿಗೆ ಅನುಭವದಿಂದ ಗೊತ್ತಿರುತ್ತದೆ.

ಹಪ್ಪಳ ಬೆಳಿಗ್ಗೆ ಹತ್ತು ಗಂಟೆಯೊಳಗೆ ಬಿಸಿಲಿಗೆ ಬೀಳಬೇಕು. ಮೊದಲ ದಿನದ ಬಿಸಿಲು ಪೂರ್ತಿ ಸಿಗದಿದ್ದರೆ ಹಿಟ್ಟು ಹುಳಿಯಾಗಬಹುದು. ಹಾಗಾಗಿ ಕಾಯಿ ಕೊರೆಯುವುದು ನಸುಕಿನಲ್ಲೇ, ಮಕ್ಕಳು ಏಳುವ ಮೊದಲು. ಕತ್ತಿಯ ಕೆಲಸ ಮುಗಿದು ಕತ್ತಿ ಮಾಡಿನ ಸಂದಿ ಸೇರಿದ ಮೇಲೆಯೇ ಮಕ್ಕಳು ಅಂಗಳಕ್ಕೆ ಬರುವಂತೆ ಹೊತ್ತು ಹೊಂದಿಸಿಕೊಂಡಿರುತ್ತಾಳೆ ತಾಯಿ.

ಕೊರೆಯುವ ಮುನ್ನ ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಳ್ಳಬೇಕು. ಹಲಸಿನ ಮೇಣ, ಅಂದರೆ ಕಾಯಿಯಿಂದ ಒಸರುವ ಬಿಳಿಯ ಅಂಟು, ನೀರಿಗೆ ಕರಗುವುದಿಲ್ಲ. ಎಣ್ಣೆಗೆ ಮಾತ್ರ ಸಡಿಲುತ್ತದೆ. ಸೀಳಿದ ಹೋಳಿನ ಮೇಣವನ್ನು ಒಂದು ಕಡ್ಡಿಗೆ ಸುತ್ತಿ ತೆಗೆದು, ನಡುವಿನ ದಿಂಡನ್ನು ಕೆತ್ತಿದ ಮೇಲೆ ಸೊಳೆಗಳು ಕಾಣುತ್ತವೆ. ಬೀಜವನ್ನು ಸುತ್ತಿಕೊಂಡಿರುವ ದಪ್ಪ ಎಸಳೇ ಸೊಳೆ. ಬಯಲುಸೀಮೆಯವರ ಮಾತಿನಲ್ಲಿ ತೊಳೆ. ಅದನ್ನು ಬಿಡಿಸುವಷ್ಟರಲ್ಲಿ ಮಕ್ಕಳು ಎದ್ದಿರುತ್ತಾರೆ. ಸೊಳೆಯಿಂದ ಬೀಜ ಬೇರ್ಪಡಿಸುವುದು ಆರರ ಮಗುವಿಗೆ ಸಿಗುವ ಕೆಲಸ. ಬೆರಳಿಗೆ ಎಣ್ಣೆ ಹಚ್ಚಿ, ಸೊಳೆಯ ಬಾಯಿ ಅಗಲಿಸಿ, ಬೀಜವನ್ನು ಹಿಂದಿನಿಂದ ಒತ್ತಿದರೆ ಜಾರಿ ಬರುತ್ತದೆ. ಮೂರರ ಮಗು ಆ ಬೀಜಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕುತ್ತದೆ. ಈ ಬೀಜಕ್ಕೆ ಕೆಮ್ಮಣ್ಣು ಬಳಿದಿಟ್ಟರೆ ಮಳೆಗಾಲದ ಸಾಂಬಾರಿಗಾಗುತ್ತದೆ. ಸಿಪ್ಪೆ ಹಟ್ಟಿಯ ದನಕ್ಕೆ. ಮಿಕ್ಕ ಸೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟರೆ ಅದು ಉಪ್ಪುಸೊಳೆ.

ಸೊಳೆ ಬೇಯುವುದು ಅಟ್ಟಿನಳಗೆಯಲ್ಲಿ. ಅಡಿಯಲ್ಲಿ ನೀರು, ಮೇಲೆ ತೂತಿನ ತಟ್ಟೆ, ಬಿಗಿಯಾದ ಮುಚ್ಚಳ ಇರುವ ಹಬೆಪಾತ್ರೆ ಅದು. ಸೊಳೆಗೆ ನೀರು ಸೋಕಬಾರದು, ಹಬೆ ಮಾತ್ರ ತಗಲಬೇಕು. ನೀರು ಕುಡಿದ ಸೊಳೆಯ ಹಿಟ್ಟು ಜಿಗುಟಾಗಿ ಒತ್ತಲು ಬರುವುದಿಲ್ಲ. ಎರಡು ಬೆರಳ ನಡುವೆ ಹಿಸುಕಿದಾಗ ನಾರು ಸಿಗದೆ ಬೆಣ್ಣೆಯಂತೆ ಕೂತರೆ ಬೆಂದಿದೆ ಎಂದರ್ಥ. ಇಲ್ಲಿಂದ ಮುಂದೆ ನಿಧಾನ ಮಾಡುವಂತಿಲ್ಲ. ಬಿಸಿ ಇರುವಾಗಲೇ ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಬೇಕು. ಆರಿದರೆ ಗಂಟು ಉಳಿಯುತ್ತದೆ. ಈಗ ಹಲವು ಮನೆಗಳಲ್ಲಿ ಗ್ರೈಂಡರ್ ಈ ಕೆಲಸ ಮಾಡುತ್ತದೆ. ಉಪ್ಪು, ಮೆಣಸಿನ ಪುಡಿ, ಜೀರಿಗೆ, ಕೊತ್ತಂಬರಿ, ಇಂಗು ಸೇರುವುದು ಈ ಹಂತದಲ್ಲಿ. ಹಿಟ್ಟಿನ ರುಚಿ ನೋಡಿದಾಗ ಉಪ್ಪು ತುಸು ಕಡಿಮೆ ಎನಿಸಬೇಕು. ಒಣಗಿ ನೀರು ಹೋದ ಮೇಲೆ ಅದು ಸರಿಹೋಗುತ್ತದೆ. ಅಕ್ಕಿಹಿಟ್ಟು, ಉದ್ದಿನಹಿಟ್ಟು ಯಾವುದನ್ನೂ ಬೆರೆಸಬೇಕಿಲ್ಲ. ಹಬೆಯಲ್ಲಿ ಬೆಂದ ಹಲಸಿನ ಹಿಟ್ಟಿಗೆ ತನ್ನನ್ನು ತಾನೇ ಹಿಡಿದುಕೊಳ್ಳುವ ಅಂಟಿದೆ. ಒರಳಿನ ಸುತ್ತ ಕಾದು ಕೂತ ಮಕ್ಕಳ ಅಂಗೈಗೆ ಒಂದೊಂದು ಉಂಡೆ, ಅದರ ಮೇಲೆ ಒಂದು ತೊಟ್ಟು ತೆಂಗಿನೆಣ್ಣೆ ಬೀಳದೆ ಮುಂದಿನ ಕೆಲಸಕ್ಕೆ ಕೈ ಹಚ್ಚುವುದಿಲ್ಲ.

ಇನ್ನು ಒತ್ತುವುದು. ಹಿಟ್ಟನ್ನು ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಬೇಕು. ಎಲ್ಲ ಉಂಡೆಯೂ ಒಂದೇ ಅಳತೆಯಲ್ಲಿದ್ದರೆ ಎಲ್ಲ ಹಪ್ಪಳವೂ ಒಂದೇ ಹೊತ್ತಿಗೆ ಒಣಗುತ್ತದೆ. ತಾಯಿಯ ಕೈ ನೋಡದೆಯೇ ಅಷ್ಟನ್ನೇ ಚಿವುಟುತ್ತದೆ. ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಉಂಡೆಯನ್ನಿಟ್ಟು ಮರದ ಮಣೆಯಿಂದ ಒತ್ತುತ್ತಾರೆ. ಹಿಂದೆ ಈ ಜಾಗದಲ್ಲಿ ಬಾಳೆಲೆ ಇರುತ್ತಿತ್ತು. ಒಂದಕ್ಕೊಂದು ಸೇರಿಸಿದ ಎರಡು ಹಲಗೆಗಳ ಒತ್ತುಮಣೆ ಇದ್ದರೆ ಅದರ ಹಿಡಿಯ ಮೇಲೆ ಭಾರ ಹಾಕಿದರೆ ಸಾಕು. ಒಂಬತ್ತರ ಮಗು ಎರಡೂ ಕೈ ಊರಿ, ಕಾಲ ಬೆರಳ ಮೇಲೆ ನಿಂತು ಒತ್ತುತ್ತದೆ. ಭಾರ ನೇರವಾಗಿ ಬಿದ್ದರೆ ಹಪ್ಪಳ ಅಂಗೈಯಗಲಕ್ಕೆ ದುಂಡಗೆ ಹರಡುತ್ತದೆ. ಒಂದು ಪಕ್ಕಕ್ಕೆ ಬಿದ್ದರೆ ಆ ಕಡೆ ತೆಳ್ಳಗಾಗಿ, ಇನ್ನೊಂದು ಕಡೆ ದಪ್ಪ ಉಳಿಯುತ್ತದೆ. ಒತ್ತಿದ ಮೇಲೆ ಮೇಲಿನ ಹಾಳೆ ತೆಗೆದು, ಹಪ್ಪಳವನ್ನು ಚಾಪೆಗೆ ಮಗುಚಿ, ಉಳಿದ ಹಾಳೆಯನ್ನು ಅಂಚಿನಿಂದ ಮೆಲ್ಲಗೆ ಸುಲಿಯಬೇಕು. ಹರಿಯದಂತೆ ಸುಲಿಯುವ ಹದ ಬರಲು ಒಂದೆರಡು ಬೇಸಿಗೆಯಾದರೂ ಬೇಕು.

ಹೀಗೆ ಒಬ್ಬರು ಉಂಡೆ ಮಾಡಿ, ಒಬ್ಬರು ಒತ್ತಿ, ಒಬ್ಬರು ಹರವುತ್ತ ಹೋದಂತೆ ಅಂಗಳದ ಚಾಪೆಗಳು ಸಾಲುಸಾಲಾಗಿ ತುಂಬುತ್ತವೆ. ಒಂದೂ ಇನ್ನೊಂದರ ಮೇಲೆ ಏರಬಾರದು. ಇದಾದ ಮೇಲೆ ಕಾಯುವ ಕೆಲಸ. ಕಾಗೆ ಎರಗದಂತೆ, ನಾಯಿ ತುಳಿಯದಂತೆ ಮಕ್ಕಳು ಜಗಲಿಯ ನೆರಳಲ್ಲಿ ಕೋಲು ಹಿಡಿದು ಕೂರುತ್ತಾರೆ. ಸಂಜೆಯ ಹೊತ್ತಿಗೆ ಮೇಲ್ಮೈ ಒಣಗಿ, ಹಪ್ಪಳ ಚಾಪೆಯಿಂದ ತಾನೇ ಬಿಡಿಸಿಕೊಳ್ಳಲು ಶುರುಮಾಡುತ್ತದೆ. ಆಗ ಎಬ್ಬಿಸಿ ಒಂದರ ಮೇಲೊಂದು ಪೇರಿಸಿಡುತ್ತಾರೆ; ಇಲ್ಲವಾದರೆ ಅಂಚು ಮುದುಡುತ್ತದೆ. ಈ ಅರೆ ಒಣಗಿದ ಹಸಿ ಹಪ್ಪಳವನ್ನು ತೆಂಗಿನಕಾಯಿಯ ಚೂರಿನೊಂದಿಗೆ ತಿನ್ನುವುದು ಕಾವಲು ಕೂತವರ ಹಕ್ಕು. ಎಷ್ಟು ಹೋದವೆಂದು ಯಾರೂ ಲೆಕ್ಕ ಕೇಳುವುದಿಲ್ಲ.

ಮರುದಿನ ಮಗುಚಿ ಹಾಕುತ್ತಾರೆ. ಮೂರನೆಯ ದಿನ ಮುರಿದು ನೋಡಿದರೆ ಟಕ್ಕೆಂದು ಸದ್ದಾಗಬೇಕು. ಬಾಗಿದರೆ ಇನ್ನೊಂದು ಬಿಸಿಲು ಬೇಕು. ಒಣಗಿದ್ದನ್ನು ಇಪ್ಪತ್ತೈದು ಅಥವಾ ಐವತ್ತರಂತೆ ಎಣಿಸಿ, ಬಾಳೆನಾರಿನಲ್ಲಿ ಕಟ್ಟಿ, ಗಾಳಿಯಾಡದ ಡಬ್ಬಿಗೆ ತುಂಬುತ್ತಾರೆ. ಮಕ್ಕಳು ಎಣಿಕೆ ಕಲಿಯುವುದೂ ಇಲ್ಲೇ. ಕಣ್ಣಿಗೆ ಪೂರ್ತಿ ಒಣಗಿದಂತೆ ಕಾಣುವ ಹಪ್ಪಳದೊಳಗೂ ತುಸು ತೇವ ಉಳಿದಿರುತ್ತದೆ. ಕಾದ ಎಣ್ಣೆಗೆ ಬಿದ್ದಾಗ ಆ ತೇವ ಒಮ್ಮೆಲೇ ಆವಿಯಾಗಿ ಹಿಟ್ಟನ್ನು ಒಳಗಿನಿಂದ ಎಬ್ಬಿಸುತ್ತದೆ. ಕ್ಷಣದಲ್ಲಿ ಹಪ್ಪಳ ಅರಳಿ ಹಗುರಾಗಿ ತೇಲುವುದು ಹೀಗೆ.

ಡಬ್ಬಿ ತುಂಬುವುದರಲ್ಲೂ ಒಂದು ಕ್ರಮವಿದೆ. ಮಕ್ಕಳು ಒತ್ತಿದ ಹಪ್ಪಳಗಳು ಚಾಪೆಯ ಅಂಚಿನಲ್ಲಿ ಬೇರೆಯೇ ಇರುತ್ತವೆ. ತಾಯಿ ಅವುಗಳನ್ನು ಕಲಸಿ ಮತ್ತೆ ಒತ್ತುವುದಿಲ್ಲ. ನಡುವೆ ದಪ್ಪವಿರುವುದರಿಂದ ಅವಕ್ಕೆ ಒಂದು ಬಿಸಿಲು ಹೆಚ್ಚು ಕೊಡುತ್ತಾಳೆ. ಆದರೂ ಒಳಗೆ ತೇವ ಉಳಿದು ಬೇಗ ಬೂಸು ಹಿಡಿಯಬಹುದೆಂದು ಅವುಗಳ ಕಟ್ಟನ್ನು ಡಬ್ಬಿಯ ಎಲ್ಲಕ್ಕಿಂತ ಮೇಲೆ ಇಡುತ್ತಾಳೆ. ಹಾಗಾಗಿ ಜೂನಿನ ಮೊದಲ ಮಳೆಯ ಸಂಜೆ ಬಾಣಲೆಗೆ ಬೀಳುವುದು ಮಕ್ಕಳ ಸೊಟ್ಟ ಹಪ್ಪಳಗಳೇ. ನವರಾತ್ರಿಯವರೆಗೆ ಅಡಿಯಲ್ಲಿ ಉಳಿಯುವುದು ತಾಯಿ ಒತ್ತಿದವು. ಬೇಸಿಗೆಗಳು ಕಳೆದಂತೆ ಮಗುವಿನ ಕೈಗೆ ಹದ ಹತ್ತುತ್ತದೆ, ಅದರ ಕಟ್ಟು ಡಬ್ಬಿಯಲ್ಲಿ ಸ್ವಲ್ಪಸ್ವಲ್ಪವೇ ಕೆಳಗಿಳಿಯುತ್ತದೆ. ಯಾವುದೋ ಒಂದು ವರ್ಷ ಎರಡು ಕೈಗಳ ಹಪ್ಪಳ ಬೇರೆ ಬೇರೆಯೆಂದು ಗುರುತೇ ಸಿಗದೆ, ತಾಯಿ ಎರಡನ್ನೂ ಸೇರಿಸಿ ಒಂದೇ ಬಾಳೆನಾರಿನಲ್ಲಿ ಕಟ್ಟುತ್ತಾಳೆ.