ಎಂಬತ್ತೊಂದು ಆಟಗಳ ಗುತ್ತಿಗೆ

ಸೀಸನ್ ಟಿಕೇಟು ಎಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ರೈಲು. ಕಾಸರಗೋಡು, ಕುಂಬಳೆ, ಉಪ್ಪಳ, ಮಂಜೇಶ್ವರಗಳಲ್ಲಿ ಬೆಳಗಿನ ಗಾಡಿ ಹತ್ತಿ ಮಂಗಳೂರಿಗೆ ಹೋಗಿ ಸಂಜೆ ಮರಳುವ ನೌಕರರೂ ವಿದ್ಯಾರ್ಥಿಗಳೂ ಕಿಸೆಯಲ್ಲಿಟ್ಟುಕೊಳ್ಳುವ ಆ ಪಾಸು ಒಬ್ಬರ ಹೆಸರಿನದು. ವಾರವಿಡೀ ಜ್ವರ ಹಿಡಿದು ಮಲಗಿದರೂ ಆ ವಾರದ ಪ್ರಯಾಣವನ್ನು ನೆರೆಮನೆಯವರಿಗೆ ಮಾರುವಂತಿಲ್ಲ, ಮಾರಿದರೆ ಅಪರಾಧ. ಹಾಗಿರುವಾಗ ಅಮೆರಿಕದಲ್ಲಿ ಉದ್ಯೋಗದಲ್ಲಿರುವ ಮಗನೋ ಅಳಿಯನೋ ಫೋನಿನಲ್ಲಿ, "ಈ ವರ್ಷ ಸೀಸನ್ ಟಿಕೇಟು ತೆಗೆದಿದ್ದೇವೆ, ಮುಕ್ಕಾಲು ಪಾಲು ಮಾರಿದರೆ ಹಾಕಿದ ದುಡ್ಡು ಹುಟ್ಟುತ್ತದೆ" ಎಂದರೆ ಮನೆಯ ಹಿರಿಯರು ಗಾಬರಿಗೊಳ್ಳುವುದು ಸಹಜವೇ. ಗಾಬರಿ ಬೇಡ. ಅದು ರೈಲಿನದಲ್ಲ, ಆಟದ ಮೈದಾನದ್ದು. ಅಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ಹಾಗೆ ಮಾರುವುದಕ್ಕೆ ಅಡ್ಡಿಯಿಲ್ಲ. ಆದರೆ ದುಡ್ಡು ಹುಟ್ಟುತ್ತದೆ ಎಂಬ ಮಾತನ್ನು ಮಾತ್ರ ಕಾಗದ ಪೆನ್ಸಿಲು ಹಿಡಿದು ನೋಡಬೇಕಾಗುತ್ತದೆ.

ಬೇಸ್‌ಬಾಲ್ ಆಟವನ್ನೇ ತೆಗೆದುಕೊಳ್ಳೋಣ. ಅಲ್ಲಿನ ಮೇಜರ್ ಲೀಗಿನಲ್ಲಿ 30 ತಂಡಗಳಿವೆ. ಒಂದೊಂದು ತಂಡಕ್ಕೂ ವರ್ಷಕ್ಕೆ 162 ಆಟ. ಅದರಲ್ಲಿ ಅರ್ಧ, ಎಂದರೆ 81, ಸ್ವಂತ ಊರಿನಲ್ಲಿ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯ ತನಕ ಇದು ನಡೆದೇ ಇರುತ್ತದೆ. ಬಾಸ್ಕೆಟ್‌ಬಾಲಿನಲ್ಲಾದರೆ ಊರಿನ ಆಟ 41. ಅಮೆರಿಕನ್ ಫುಟ್‌ಬಾಲಿನಲ್ಲಿ ಎಂಟೋ ಒಂಬತ್ತೋ. ಸೀಸನ್ ಟಿಕೇಟು ಕೊಂಡವನಿಗೆ ಈ ಎಲ್ಲ ಆಟಗಳಿಗೂ ಅದೇ ಸಾಲಿನ ಅದೇ ಕುರ್ಚಿ. ಹಣವನ್ನು ಮಾತ್ರ ಆಟ ಸುರುವಾಗುವ ಮೊದಲೇ ಕಟ್ಟಬೇಕು. ಉದ್ಯೋಗ, ಸಂಸಾರ ಇರುವವನು 81 ಸಂಜೆಗಳನ್ನು ಮೈದಾನದಲ್ಲಿ ಕಳೆಯುವುದುಂಟೆ? ಉಳಿದವನ್ನು ಏನಾದರೂ ಮಾಡಲೇಬೇಕು.

ಹಳೆಯ ಉಪಾಯವೆಂದರೆ ಪಾಲುಗಾರಿಕೆ. ನಾಲ್ವರು ಸ್ನೇಹಿತರು ಸೇರಿ ಎರಡು ಕುರ್ಚಿ ಹಿಡಿಯುತ್ತಾರೆ. ವೇಳಾಪಟ್ಟಿ ಬಂದ ಮೇಲೆ ಒಂದು ರಾತ್ರಿ ಒಬ್ಬರ ಮನೆಯಲ್ಲಿ ಕುಳಿತು ಚೀಟಿ ಎತ್ತುತ್ತಾರೆ. ಮೊದಲ ಚೀಟಿ ಬಂದವನು ತನಗೆ ಬೇಕಾದ ಆಟವನ್ನು ಆರಿಸಿಕೊಂಡ ಬಳಿಕ ಎರಡನೆಯವನು, ಮೂರನೆಯವನು. ಮರುಸುತ್ತಿನಲ್ಲಿ ಕೊನೆಯವನಿಂದ ಹಿಂದಕ್ಕೆ. ಮೊದಲು ಹೋಗುವವು ಆರಂಭದ ದಿನದ ಆಟ, ಬದ್ಧವೈರಿ ತಂಡದ ಎದುರಿನ ಶನಿವಾರಗಳು. ಎಪ್ರಿಲ್ ತಿಂಗಳ ಚಳಿಯ ಮಂಗಳವಾರಗಳು ಕಡೆಗೆ ಯಾರದಾದರೂ ತಲೆಗೆ ಬೀಳುತ್ತವೆ. ನಮ್ಮ ಮಟ್ಟಿಗೆ ಈ ಪದ್ಧತಿಯೇ ಹೆಚ್ಚು ಚೆಂದ. ಖರ್ಚು ಎಷ್ಟೆಂದು ಮೊದಲೇ ಗೊತ್ತು, ಜತೆಗೆ ಒಂದು ಊಟವೂ ಆಗುತ್ತದೆ.

ಮಾರಾಟದ ದಾರಿ ತೀರಾ ಬದಲಾದದ್ದು 2000ದಿಂದ ಈಚೆಗೆ. ಅಲ್ಲಿಯ ತನಕ ಪತ್ರಿಕೆಯ ವರ್ಗೀಕೃತ ಜಾಹೀರಾತು, ಆಫೀಸಿನ ಗೆಳೆಯರು, ಇಲ್ಲವೇ ಮೈದಾನದ ಗೇಟಿನೆದುರು ನಿಂತು ಪಿಸುಗುಟ್ಟುವ ಕಾಳಸಂತೆಯವರು. ಆ ವರ್ಷ ಹುಟ್ಟಿದ ಸ್ಟಬ್‌ಹಬ್ ಎಂಬ ಕಂಪೆನಿ ಈ ವ್ಯಾಪಾರವನ್ನು ಅಂತರ್ಜಾಲಕ್ಕೆ ತಂದಿತು. 2007ರಲ್ಲಿ ಅದನ್ನು ಇಬೇ ಕಂಪೆನಿ 31 ಕೋಟಿ ಡಾಲರಿಗೆ ಕೊಂಡಿತು. ಅದೇ ವರ್ಷ ಬೇಸ್‌ಬಾಲ್ ಲೀಗೇ ಅದರೊಂದಿಗೆ ಒಪ್ಪಂದ ಮಾಡಿಕೊಂಡಿತು. ಗೇಟಿನೆದುರಿನ ಮರುಮಾರಾಟವನ್ನು ಕಂಡರಾಗದಿದ್ದವರೇ ಅದನ್ನು ಮನೆಯೊಳಗೆ ಕರೆದು ಮಣೆ ಹಾಕಿದರು!

ಈಗ ಲೆಕ್ಕ. ಅಂಕಿಗಳು ನಾವು ಉದಾಹರಣೆಗಾಗಿ ಇಟ್ಟುಕೊಂಡವು. ಎರಡು ಕುರ್ಚಿ, ಆಟವೊಂದಕ್ಕೆ ತಲಾ 40 ಡಾಲರು. 81 ಆಟಕ್ಕೆ ಒಟ್ಟು 6,480 ಡಾಲರು. ಮನೆಯವರು 20 ಆಟ ನೋಡಿ 61ನ್ನು ಮಾರುತ್ತಾರೆ. ಅದರಲ್ಲಿ ಒಳ್ಳೆಯ 10 ಆಟಗಳ ಟಿಕೇಟು 90 ಡಾಲರಿನಂತೆ, ಸಾಧಾರಣ 25 ಆಟಗಳದು ಕೊಂಡ ಬೆಲೆಗೆ, ಯಾರಿಗೂ ಬೇಡದ 26 ಆಟಗಳದು 15 ಡಾಲರಿನಂತೆ ಹೋಯಿತೆನ್ನಿ. ಎರಡು ಕುರ್ಚಿಯಿಂದ 4,580 ಬಂತು. ಮಾರಿಸಿಕೊಟ್ಟವರ ದಲಾಲಿ ನೂರಕ್ಕೆ ಹತ್ತೆಂದರೂ ಕೈಗೆ ಸಿಕ್ಕಿದ್ದು 4,122. ಎಂದರೆ 20 ಆಟ ನೋಡಲು ತಗಲಿದ ಖರ್ಚು 2,358 ಡಾಲರು. ಆ 20 ಆಟಗಳಿಗೆ ಬಿಡಿ ಟಿಕೇಟನ್ನು ತಲಾ 50ರಂತೆ ಕೊಂಡಿದ್ದರೆ 2,000ಕ್ಕೆ ಮುಗಿಯುತ್ತಿತ್ತು. 61 ಸಲ ಮಾರಾಟದ ಗೋಳು ಬೇರೆ!

ಅದೇ ವರ್ಷ ತಂಡ ಗೆಲ್ಲತೊಡಗಿದರೆ ಚಿತ್ರವೇ ಬೇರೆ. ಮೇಲಿನ ಮೂರು ದರಗಳು 130, 50, 35 ಆದರೆ ದಲಾಲಿ ಕಳೆದು 6,228 ಬರುತ್ತದೆ. 20 ಆಟಕ್ಕೆ ಬಿದ್ದ ಖರ್ಚು ಬರೇ 252 ಡಾಲರು. ಕುರ್ಚಿ ಅದೇ, ಕೊಂಡವನ ಜಾಣತನವೂ ಅಷ್ಟೇ. ಎರಡು ಸಾವಿರಕ್ಕೂ ಮಿಕ್ಕಿದ ಈ ಅಂತರವನ್ನು ಮಾಡಿದವರು ಮೈದಾನದಲ್ಲಿ ಆಡಿದ ಆಟಗಾರರು.

ಹೂ ಬಿಡುವ ಮೊದಲೇ ಗೇರು ಗುಡ್ಡೆ ಗುತ್ತಿಗೆ ಹಿಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೋಡ ಕವಿದು ಹೂ ಕರಟಿದರೂ ಗುತ್ತಿಗೆಯ ಹಣ ಮಾಲಕನ ಕೈಸೇರಿಯಾಗಿದೆ. ಇಲ್ಲಿ ಮಾಲಕನೆಂದರೆ ಕ್ಲಬ್ಬು. ಸೋಲಿನ ವರ್ಷದ ನಷ್ಟವನ್ನು ಅದು ಮುಂಗಡವಾಗಿಯೇ ಅಭಿಮಾನಿಯ ಹೆಗಲಿಗೆ ದಾಟಿಸಿರುತ್ತದೆ. ಅಷ್ಟು ಸಾಲದೆಂಬಂತೆ, ಉಳಿದ ಕುರ್ಚಿಗಳನ್ನು ಅದೇ ಕ್ಲಬ್ಬು ಬೇಡಿಕೆ ನೋಡಿ ದಿನಕ್ಕೊಂದು ದರದಲ್ಲಿ ಮಾರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಜಯಂಟ್ಸ್ ತಂಡ 2009ರಲ್ಲಿ ಕೆಲವು ಕುರ್ಚಿಗಳಿಗೆ ಇದನ್ನು ಪ್ರಯೋಗಿಸಿ ಮರುವರ್ಷ ಇಡೀ ಮೈದಾನಕ್ಕೆ ವಿಸ್ತರಿಸಿತು; ಉಳಿದವರೂ ಹಿಂಬಾಲಿಸಿದರು. ಚಳಿಯ ಮಂಗಳವಾರದಂದು ನಿಮ್ಮ ಟಿಕೇಟಿಗೆ ಎದುರಾಳಿ ನಿಮಗೆ ಅದನ್ನು ಮಾರಿದ ಕ್ಲಬ್ಬೇ ಆಗಿರಬಹುದು.

ಲಾಭವಾದವರೇ ಇಲ್ಲವೆಂದಲ್ಲ. ಸೀಸನ್ ಟಿಕೇಟಿನವರಿಗೆ ಕೊನೆಯ ಸುತ್ತಿನ ಆಟಗಳ ಟಿಕೇಟನ್ನು ಮೊದಲು ಕೊಳ್ಳುವ ಹಕ್ಕಿರುತ್ತದೆ, ಬಂಗಾರವಿರುವುದು ಅಲ್ಲಿ. 1908ರ ಬಳಿಕ ಪ್ರಶಸ್ತಿಯನ್ನೇ ಕಾಣದಿದ್ದ ಷಿಕಾಗೋದ ಕಬ್ಸ್ ತಂಡ 2016ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಾಗ ಅದರ ಊರಿನ ಆಟಗಳ ಒಂದೊಂದು ಟಿಕೇಟು ಸಾವಿರಾರು ಡಾಲರಿಗೆ ಕೈಬದಲಿಸಿತು. ಆದರೆ ಅಂಥ ತಂಡದ ಸೀಸನ್ ಟಿಕೇಟು ಹೊಸಬನಿಗೆ ಸುಲಭದಲ್ಲಿ ಸಿಕ್ಕದು. ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಎಂಬ ಸಣ್ಣ ಊರಿನ ಪ್ಯಾಕರ್ಸ್ ಫುಟ್‌ಬಾಲ್ ತಂಡದಲ್ಲಿ 1960ರಿಂದ ಎಲ್ಲ ಸೀಸನ್ ಟಿಕೇಟುಗಳೂ ಮುಗಿದಿವೆ. ಕಾಯುವವರ ಪಟ್ಟಿಯಲ್ಲಿ ಲಕ್ಷಕ್ಕೂ ಮಿಕ್ಕಿ ಹೆಸರುಗಳು! ಹುಟ್ಟಿದ ಕೂಸಿನ ಹೆಸರನ್ನೇ ಪಟ್ಟಿಗೆ ಸೇರಿಸುವವರಿದ್ದಾರೆ, ಕುರ್ಚಿ ತಂದೆಯಿಂದ ಮಗನಿಗೆ ಬರುತ್ತದೆ. ಸುಲಭವಾಗಿ ಸಿಕ್ಕುವ ಸೀಸನ್ ಟಿಕೇಟು ಹೆಚ್ಚಾಗಿ ಮರುಮಾರಾಟದಲ್ಲಿ ಬೆಲೆ ಬಾರದ ತಂಡದ್ದು. ಇದನ್ನು ಕೊಳ್ಳುವವರು ಯೋಚಿಸುವುದು ಕಡಿಮೆ.

ಇಂಗ್ಲೆಂಡಿಗೆ ಹೋದ ಮಕ್ಕಳು ಈ ಉಪಾಯವನ್ನು ಅಲ್ಲಿ ಮಾಡಹೊರಟರೆ ಕಷ್ಟಕ್ಕೆ ಸಿಕ್ಕಿಬೀಳುತ್ತಾರೆ. ಅಲ್ಲಿ ಫುಟ್‌ಬಾಲ್ ಟಿಕೇಟನ್ನು ಕ್ಲಬ್ಬಿನ ಅನುಮತಿಯಿಲ್ಲದೆ ಮರುಮಾರಾಟ ಮಾಡುವುದು 1994ರ ಕಾಯಿದೆಯಂತೆ ಅಪರಾಧ. ಎರಡು ತಂಡಗಳ ಅಭಿಮಾನಿಗಳನ್ನು ಬೇರೆ ಬೇರೆ ಕೂರಿಸುವ ಭದ್ರತೆಯ ಪ್ರಶ್ನೆ ಇದರ ಹಿಂದಿದೆ. ಹೋಗಲಾಗದವರು ಕ್ಲಬ್ಬು ಏರ್ಪಡಿಸಿದ ವಿನಿಮಯದ ಮೂಲಕವೇ ಟಿಕೇಟು ಬಿಟ್ಟುಕೊಡಬೇಕು.

ಅಮೆರಿಕದಲ್ಲಿಯೂ ಎರಡು ವಿಷಯ ನಮ್ಮವರಿಗೆ ಮುಖ್ಯ. ಒಂದು ತೆರಿಗೆ: ಕೊಂಡ ಬೆಲೆಗಿಂತ ಹೆಚ್ಚಿಗೆ ಮಾರಿದ ಲಾಭ ಆದಾಯವೆನಿಸುತ್ತದೆ, ಸ್ವಂತಕ್ಕೆಂದು ಕೊಂಡ ಟಿಕೇಟಿನಲ್ಲಿ ಆದ ನಷ್ಟವನ್ನಾದರೋ ಕಳೆಯಲು ಬಿಡುವುದಿಲ್ಲ. ಇನ್ನೊಂದು ಹೆಚ್ಚು ಗಂಭೀರ. ಎಚ್-1ಬಿ ವೀಸಾದಲ್ಲಿರುವವನು ತನ್ನನ್ನು ಕರೆಸಿಕೊಂಡ ಕಂಪೆನಿಯ ಕೆಲಸವನ್ನಲ್ಲದೆ ಬೇರೆ ದುಡಿಮೆ ಮಾಡುವಂತಿಲ್ಲ. ಹೋಗಲಾಗದ ಆಟದ ಟಿಕೇಟನ್ನು ಮಾರುವುದು ಬೇರೆ, ಮಾರಲೆಂದೇ ಹತ್ತಾರು ಕುರ್ಚಿ ಹಿಡಿದು ವ್ಯಾಪಾರ ನಡೆಸುವುದು ಬೇರೆ. ಎರಡರ ನಡುವಿನ ಗೆರೆ ಎಲ್ಲಿದೆಯೆಂದು ಗೆಳೆಯರನ್ನಲ್ಲ, ವಕೀಲರನ್ನು ಕೇಳಬೇಕು. ಈಗ ಟಿಕೇಟೆಲ್ಲ ಫೋನಿನಲ್ಲಿರುವುದರಿಂದ ಪ್ರತಿ ಮಾರಾಟಕ್ಕೂ ದಾಖಲೆ ಉಳಿಯುತ್ತದೆ. ತೀರಾ ಹೆಚ್ಚು ಮಾರುವವರಿಗೆ ಮರುವರ್ಷ ಕುರ್ಚಿ ನಿರಾಕರಿಸುವ ಕ್ಲಬ್ಬುಗಳೂ ಇವೆ.

ಹಾಗಾದರೆ ಕೊಳ್ಳಲೇಬಾರದೆ? ಆಟದ ಹುಚ್ಚಿದ್ದವನು ಕೊಳ್ಳಲಿ. ಆಟ ನೋಡುವ ಸುಖಕ್ಕೂ ಬೆಲೆಯುಂಟು. 20 ಆಟ ಸಾಕೆನ್ನುವವನಿಗೆ 20 ಆಟದ್ದೇ ಕಟ್ಟನ್ನು ಹಲವು ಕ್ಲಬ್ಬುಗಳು ಮಾರುತ್ತವೆ. 81ನ್ನು ಹೊತ್ತು 61ಕ್ಕೆ ಗಿರಾಕಿ ಹುಡುಕುವುದಕ್ಕಿಂತ ಅದು ಹಗುರ. ಕೊಂಡ ಮೇಲೆ ಸೆಪ್ಟೆಂಬರ್ ದಾಟಿದೊಡನೆ ಬರುವ ನವೀಕರಣದ ಪತ್ರವನ್ನು ತೆರೆದು ಓದಬೇಕು. ಬೇಡವೆಂದು ಗಡುವಿನೊಳಗೆ ತಿಳಿಸದಿದ್ದರೆ ಎಷ್ಟೋ ಕ್ಲಬ್ಬುಗಳು ಮುಂದಿನ 81 ಆಟಗಳ ಹಣವನ್ನೂ ಕಾರ್ಡಿನಿಂದ ತಾವಾಗಿಯೇ ತೆಗೆದುಕೊಳ್ಳುತ್ತವೆ.