ಹಳೆಯ ಬಹೂಪಯೋಗಿ ಜೇಬುಚಾಕುಗಳು: ಗುರುತಿಸುವಿಕೆ ಮತ್ತು ಸಂಗ್ರಹ

ಸಿರಿಗೆರೆಯಂತಹ ಊರುಗಳ ಹಳೆಯ ಮನೆಗಳಲ್ಲಿ ಹಿರಿಯರ ಮಡಿಚುವ ಚಾಕು ದೊರೆತಲ್ಲಿ, ಅಲಗಿನ ಬುಡದಲ್ಲಿರುವ ಮುದ್ರೆಯನ್ನು ಮೊದಲು ಪರಿಶೀಲಿಸತಕ್ಕದ್ದು. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ ಅವರ ಅಧಿಕಾರಿ ಚಾಕು 1897ರಲ್ಲಿ ನೋಂದಣಿಯಾಯಿತು. 1909ರಲ್ಲಿ ‘ವಿಕ್ಟೋರಿಯಾ’, 1921ರಲ್ಲಿ ‘ವಿಕ್ಟೋರಿನಾಕ್ಸ್’ ಹೆಸರು ಬಳಕೆಗೆ ಬಂದಿತು. ತುಕ್ಕು ತೆಗೆಯಲೆಂದು ಸಾಣೆ ಹಿಡಿಸಿದಲ್ಲಿ ಮುದ್ರೆ ಅಳಿಸಿ, ಕಾಲನಿರ್ಣಯದ ಮುಖ್ಯ ಆಧಾರವೇ ಇಲ್ಲವಾಗುವುದು. ಎಣ್ಣೆ ಸವರಿದ ಬಟ್ಟೆಯಿಂದ ಒರೆಸಿದರೆ ಸಾಕು.

2016ರ ಆಯುಧ ನಿಯಮಗಳ ಪಟ್ಟಿಯಲ್ಲಿರುವುದು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗಿನ ಮಾರಕ ಚಾಕುಗಳು. ಜೇಬುಚಾಕು ಈ ಅಳತೆಯನ್ನು ಮುಟ್ಟುವುದು ಅಪರೂಪ. ಆದುದರಿಂದ ಸಾಮಾನ್ಯವಾಗಿ ಪರವಾನಗಿಗೆ ಅರ್ಜಿ ಸಲ್ಲಿಸುವ ಅಗತ್ಯವಿರುವುದಿಲ್ಲ.

ಆದರೆ 100 ವರ್ಷ ತುಂಬಿದ ಚಾಕು 1972ರ ಅಧಿನಿಯಮದಡಿ ಪುರಾವಸ್ತುವೆಂದು ಪರಿಗಣಿತವಾಗಬಹುದು. ಪುರಾವಸ್ತುಗಳನ್ನು ಖಾಸಗಿ ವ್ಯಕ್ತಿಗಳು ರಫ್ತು ಮಾಡುವಂತಿಲ್ಲ. ವಿದೇಶದಲ್ಲಿರುವ ಬಂಧುಗಳಿಗೆ ಕಳುಹಿಸುವ ಮುನ್ನ, ಅದು ಪುರಾವಸ್ತುವಲ್ಲವೆಂಬ ಪ್ರಮಾಣಪತ್ರಕ್ಕಾಗಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ಸಂಪರ್ಕಿಸುವುದು.